ಗುರುವಂಶ ಕಾವ್ಯ ಬರೆದವರಿಗೆ ಅದೆಲ್ಲ ಹೇಗೆ ಗೊತ್ತಾಯ್ತು?

ವಿಜಯನಗರ ಹುಟ್ಟಿದ ಕಥೆ ನಮಗೆಲ್ಲ ಪ್ರೈಮರಿ ಸ್ಕೂಲಿನಿಂದಲೇ ಗೊತ್ತು. ಹರಿಹರ, ಬುಕ್ಕ ಅಣ್ಣತಮ್ಮಂದಿರು ತುಂಗಭದ್ರೆಯ ದಂಡೆಯಲ್ಲಿ ಬೇಟೆಗೆ ಹೋಗ್ತಾರೆ. ಒಂದು ಮೊಲ ತಿರುಗಿ ನಿಂತು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಬರುತ್ತೆ. ಆಶ್ಚರ್ಯ ಆಗಿ ಇಬ್ಬರೂ ವಿದ್ಯಾರಣ್ಯರನ್ನು ಕೇಳ್ತಾರೆ. ಇದು ಗಂಡುಮೆಟ್ಟಿನ ನೆಲ, ಇಲ್ಲೇ ಊರು ಕಟ್ಟಿ ಅಂತ ಅವರು ಹೇಳ್ತಾರೆ. ಇಸವಿ 1336. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಫುಲ್ ಮಾರ್ಕ್ಸ್.

ಈಗ ಶೃಂಗೇರಿಯ ಒಂದು ಶಾಸನಕ್ಕೆ ಬರೋಣ. ಇಸವಿ 1346, ಅಂದ್ರೆ ಕಥೆಯ ಪ್ರಕಾರ ರಾಜ್ಯ ಹುಟ್ಟಿ ಹತ್ತೇ ವರ್ಷ. ಹರಿಹರ ಮತ್ತು ಅವನ ತಮ್ಮಂದಿರು ತಮ್ಮ ಗೆಲುವಿನ ಉತ್ಸವ ಮಾಡೋಕೆ ಶೃಂಗೇರಿಗೆ ಬಂದು ಭೂಮಿ ದಾನ ಕೊಡ್ತಾರೆ. ಶುರುವಿನಲ್ಲಿ ವಿದ್ಯಾತೀರ್ಥರಿಗೆ ವಂದನೆ ಇದೆ. ದಾನ ತಗೊಂಡವರು ಭಾರತೀತೀರ್ಥರು ಮತ್ತು ಅವರ ಶಿಷ್ಯರು. ರಾಜ್ಯ ಕಟ್ಟಿಸಿದ ಗುರು ಅಂತ ನಾವು ಓದಿರೋ ವಿದ್ಯಾರಣ್ಯರ ಹೆಸರು ಈ ಶಾಸನದಲ್ಲಿ ಇಲ್ಲ.

ಹಾಗಾದ್ರೆ ಕಥೆ ಸುಳ್ಳಾ? ಅಷ್ಟು ಬೇಗ ತೀರ್ಮಾನ ಬೇಡ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಒಂದು ಮಠದ ಒಳಗೆ ಕೂತು ಆ ಮಠದ ಇತಿಹಾಸ ಬರೆದವರ ಮುಂದೆ ಏನೇನು ಇತ್ತು? ಯಾವುದನ್ನು ನೋಡಿ ಬರೆದರು, ಯಾವುದನ್ನು ಕೇಳಿ ಬರೆದರು? ಈ ಪ್ರಶ್ನೆ ಕೇಳೋದಕ್ಕೆ ಕನ್ನಡನಾಡಿನಲ್ಲಿ ಶೃಂಗೇರಿಯಷ್ಟು ಒಳ್ಳೆ ಜಾಗ ಸಿಗೋದು ಕಷ್ಟ. ಯಾಕಂದ್ರೆ ಇಲ್ಲಿ ಮಠದ ಕಥೆ ಹೇಳೋ ಕಾವ್ಯವೂ ಉಳಿದಿದೆ, ಅದನ್ನು ಚೆಕ್ ಮಾಡೋಕೆ ಬೇಕಾದ ಕಾಗದಪತ್ರವೂ ಉಳಿದಿದೆ.

ಕಾವ್ಯ ಯಾವುದು, ಬರೆದವರು ಯಾರು?

ಗುರುವಂಶ ಕಾವ್ಯ ಅನ್ನೋದು ಸಂಸ್ಕೃತದ ಕಾವ್ಯ. ಬರೆದವರು ಕಾಶೀ ಲಕ್ಷ್ಮಣ ಶಾಸ್ತ್ರಿ. ಕಾಲ 18ನೇ ಶತಮಾನದ ಮೊದಲ ಅರ್ಧ. ಆಗ ಶೃಂಗೇರಿ ಪೀಠದಲ್ಲಿದ್ದವರು ಸಚ್ಚಿದಾನಂದ ಭಾರತಿ ಸ್ವಾಮಿಗಳು (1705ರಿಂದ 1741). ಶೃಂಗೇರಿ ಸೀಮೆ ಆಗ ಕೆಳದಿ ನಾಯಕರ ಆಳ್ವಿಕೆಯಲ್ಲಿತ್ತು. ಆದಿ ಶಂಕರರಿಂದ ಹಿಡಿದು ಗುರುಪರಂಪರೆಯನ್ನು ಕಾವ್ಯವಾಗಿ ಹೇಳೋದು ಲಕ್ಷ್ಮಣ ಶಾಸ್ತ್ರಿಗಳ ಕೆಲಸ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ದೂರ. 1336ಕ್ಕೂ ಈ ಕಾವ್ಯಕ್ಕೂ ನಡುವೆ ಸುಮಾರು 400 ವರ್ಷ. ನಾವು ಇವತ್ತು ಕೂತು 1620ರ ದಶಕದ ಬಗ್ಗೆ ಬರೆದ ಹಾಗೆ. ನಮ್ಮ ಹತ್ತಿರ ಆಗಿನ ಕಾಗದ ಇದ್ದರೆ ಬರೀಬಹುದು, ಇಲ್ಲದಿದ್ದರೆ ಅಜ್ಜನ ಅಜ್ಜನ ಅಜ್ಜ ಹೇಳಿದ್ದಂತೆ ಅನ್ನೋದೇ ಗತಿ. ಎರಡನೇದು, ಪ್ರಕಾರ. ಇದು ಕಾವ್ಯ. ಕಾವ್ಯಕ್ಕೆ ನಾಯಕ ಬೇಕು, ವರ್ಣನೆ ಬೇಕು, ಘಟನೆಗೆ ಅರ್ಥ ಬೇಕು. ಹೀರೋ ಬಂದಾಗ ಸುತ್ತಲಿನ ಪ್ರಪಂಚ ಅವನ ಕಡೆ ತಿರುಗಬೇಕು. ಶಾಸನಕ್ಕೆ ಅಂಥ ಹಂಗಿಲ್ಲ. ಯಾವ ದಿನ, ಯಾರು, ಯಾರಿಗೆ, ಯಾವ ಹಳ್ಳಿ, ಗಡಿ ಎಲ್ಲಿಂದ ಎಲ್ಲಿಗೆ, ಸಾಕ್ಷಿ ಯಾರು, ಅಷ್ಟು ಹೇಳಿದರೆ ಅದರ ಕೆಲಸ ಮುಗೀತು.

ನಮ್ಮ ಲ್ಯಾಬ್ ನೆನಪು ಮಾಡ್ಕೊಳ್ಳಿ. ಅಬ್ಸರ್ವೇಶನ್ ಬುಕ್ಕಿನಲ್ಲಿ ರೀಡಿಂಗ್ ಗೀಚಿರ್ತೀವಿ, ಕಾಟು ಹೊಡೆದಿರ್ತೀವಿ, ಕೆಲವು ಪಾಯಿಂಟು ಎಲ್ಲೋ ಹೋಗಿರುತ್ತೆ. ವಾರ ಆದ್ಮೇಲೆ ಫೇರ್ ರೆಕಾರ್ಡು ಬರೀತೀವಿ. ಅದರಲ್ಲಿ ಗ್ರಾಫು ನೇರವಾಗಿ ಥಿಯರಿ ಹೇಳಿದ ಹಾಗೇ ಹೋಗುತ್ತೆ! ರೆಕಾರ್ಡು ಪೂರ್ತಿ ಸುಳ್ಳಲ್ಲ. ಪ್ರಯೋಗ ನಡೆದಿದ್ದು ನಿಜ, ಹೆಚ್ಚಿನ ರೀಡಿಂಗೂ ನಿಜ. ಆದರೆ ಎಲ್ಲಿ ಇಸ್ತ್ರಿ ಹೊಡೆದಿದ್ದಾರೆ ಅಂತ ಗೊತ್ತಾಗೋದು ಅಬ್ಸರ್ವೇಶನ್ ಬುಕ್ ಪಕ್ಕದಲ್ಲಿಟ್ಟಾಗ ಮಾತ್ರ. ಗುರುವಂಶ ಕಾವ್ಯ ಒಂದು ಫೇರ್ ರೆಕಾರ್ಡು. ಅಬ್ಸರ್ವೇಶನ್ ಬುಕ್ಕುಗಳು ಎಲ್ಲಿವೆ ಅನ್ನೋದು ಮುಂದಿನ ಪ್ರಶ್ನೆ.

ಕಲ್ಲು, ತಾಮ್ರ, ಬಟ್ಟೆ, ಬಾಯಿ

ಮಠದಲ್ಲಿ ಕೂತು ಇತಿಹಾಸ ಬರೆಯುವವರಿಗೆ ಸಿಗಬಹುದಾದ ಮೂಲಗಳು ನಾಲ್ಕು ಥರ.

ಮೊದಲನೇದು ಕಲ್ಲು. ಶಿಲಾಶಾಸನ ನಾಲ್ಕು ಜನ ನೋಡೋ ಜಾಗದಲ್ಲಿರುತ್ತೆ, ಸುಲಭವಾಗಿ ತಿದ್ದೋಕೆ ಆಗಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ 1901ರಲ್ಲಿ ಬಂತು. ಅದು ಆಗಿನ ಕಡೂರು ಜಿಲ್ಲೆಯ, ಅಂದ್ರೆ ಇವತ್ತಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳ ಸಂಪುಟ. ಮೇಲೆ ಹೇಳಿದ 1346ರ ಶಾಸನ ಅದರಲ್ಲಿ ಶೃಂಗೇರಿಯ ಒಂದನೇ ನಂಬರು. ಕೊಪ್ಪ ತಾಲೂಕಿನ ಶಾಸನಗಳೂ ಅದೇ ಸಂಪುಟದಲ್ಲಿವೆ.

ಎರಡನೇದು ತಾಮ್ರಪಟ. ದಾನ ಪಡೆದವರು ಮನೆಯಲ್ಲಿ ಇಟ್ಟುಕೊಳ್ಳೋ ದಾಖಲೆ, ಈಗಿನ ಸೇಲ್ ಡೀಡ್ ಇದ್ದ ಹಾಗೆ. ಜೋಪಾನವಾಗಿ ಉಳಿಯುತ್ತೆ. ಆದರೆ ನಾಲ್ಕು ಜನ ನೋಡೋ ಜಾಗದಲ್ಲಿ ಇರಲ್ಲ. ಹಾಗಾಗಿ ಜಮೀನಿನ ಜಗಳ ಬಂದಾಗ ಯಾರಾದರೂ ಹೊಸದಾಗಿ ಒಂದು 'ಹಳೇ' ತಾಮ್ರಪಟ ಮಾಡಿಸಿಬಿಡೋ ಸಾಧ್ಯತೆಯೂ ಇರುತ್ತೆ.

ಮೂರನೇದು ಕಡತ. ನಮಗೆ ಕಡತ ಅಂದ್ರೆ ಸರ್ಕಾರಿ ಆಫೀಸಿನ ಫೈಲು. ಮೂಲದಲ್ಲಿ ಕಡತ ಅಂದ್ರೆ ಬಟ್ಟೆ. ಹತ್ತಿಬಟ್ಟೆಯ ಉದ್ದನೆ ಪಟ್ಟಿಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿದರೆ ಅದು ಕಪ್ಪು ಹಲಗೆ ಥರ ಗಟ್ಟಿಯಾಗುತ್ತೆ. ಅದನ್ನು ಬೀಸಣಿಗೆ ಹಾಗೆ ಒಂದರ ಮೇಲೊಂದು ಮಡಿಸಿ ಇಡ್ತಾರೆ. ಬರೆಯೋದು ಬಳಪದಲ್ಲಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದ ಪೀಠಿಕೆಯಲ್ಲಿ ಇದರ ವರ್ಣನೆ ಕೊಟ್ಟಿದ್ದಾನೆ. ಅಗಲ ಸುಮಾರು 8 ಇಂಚಿನಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಬರೆದದ್ದನ್ನು ಒರೆಸಿ ಮತ್ತೆ ಬರೀಬಹುದು, ಆದರೆ ಮುಟ್ಟದೆ ಜೋಪಾನವಾಗಿಟ್ಟರೆ ಕಾಗದಕ್ಕಿಂತ ಹೆಚ್ಚು ಬಾಳುತ್ತೆ ಅಂತ ಅವನ ಅಭಿಪ್ರಾಯ. ಒಂದು ರೀತಿಯಲ್ಲಿ ರೀರೈಟ್ ಮಾಡಬಹುದಾದ ಹಾರ್ಡ್ ಡಿಸ್ಕ್.

ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹ ಇದೆ. ರಾಜರ ನಿರೂಪಗಳು, ಸ್ವಾಮಿಗಳ ಶ್ರೀಮುಖಗಳು, ಜಮೀನಿನ ಲೆಕ್ಕ, ಹಳೇ ತಾಮ್ರಪಟಗಳ ಪ್ರತಿ, ಎಲ್ಲ ಅದರಲ್ಲಿ ಸಿಗುತ್ತೆ. ಇತಿಹಾಸಕಾರ ಎ.ಕೆ. ಶಾಸ್ತ್ರಿ ಇವುಗಳನ್ನು ಓದಿ 1982ರಲ್ಲಿ ಶೃಂಗೇರಿಯ ಇತಿಹಾಸ ಬರೆದರು. ಮುಂದೆ 2009ರಲ್ಲಿ ಮಠದ ದಾಖಲೆಗಳದ್ದೇ ಒಂದು ಪುಸ್ತಕ ತಂದರು.

ನಾಲ್ಕನೇದು ಬಾಯಿಮಾತು. ಹಿರಿಯರು ಹೇಳಿದ ಕಥೆ, ಪೂಜೆಯ ಹೊತ್ತಿನಲ್ಲಿ ಹೇಳೋ ಗುರುಗಳ ಹೆಸರಿನ ಸಾಲು, ಊರಿನ ಐತಿಹ್ಯ.

ಲಕ್ಷ್ಮಣ ಶಾಸ್ತ್ರಿಗಳು ಇದ್ದ ಪರಿಸರದಲ್ಲಿ ಈ ನಾಲ್ಕೂ ಇದ್ದವು. ಈಗ ಕೇಳಿದ ಹಾಗೆ ಅವರು ಅಡಿಟಿಪ್ಪಣಿ ಹಾಕಲ್ಲ. ಈ ಶ್ಲೋಕ ಶಾಸನದಿಂದ, ಆ ಶ್ಲೋಕ ಅಜ್ಜಿಕಥೆಯಿಂದ ಅಂತ ಹೇಳಲ್ಲ. ಎಲ್ಲವೂ ಒಂದೇ ಗಾಂಭೀರ್ಯದಲ್ಲಿ ಬರುತ್ತೆ. ಬಿಡಿಸಿ ನೋಡೋದು ಓದುವವರ ಕೆಲಸ.

ವಿದ್ಯಾರಣ್ಯರ ಕಥೆಯನ್ನು ಬಿಡಿಸಿ ನೋಡಿದ್ರೆ

ವಿದ್ಯಾರಣ್ಯರ ವಿಷಯದಲ್ಲಿ ಮೂಲಗಳನ್ನು ಇಸವಿ ಪ್ರಕಾರ ಸಾಲಾಗಿ ಜೋಡಿಸೋಣ.

1346ರ ಶಾಸನದಲ್ಲಿ ಹೆಸರು ಇಲ್ಲ. ನಂತರ ಬುಕ್ಕನ ಕಾಲ. ಮಠದ ಕಡತದಲ್ಲಿ ಉಳಿದಿರೋ ಒಂದು ದಾಖಲೆ ಪ್ರಕಾರ ವಿದ್ಯಾರಣ್ಯರು ಕಾಶಿಯಲ್ಲಿದ್ದಾಗ, ವಾಪಸ್ ಬನ್ನಿ ಅಂತ ವಿದ್ಯಾತೀರ್ಥರ ಶ್ರೀಮುಖದ ಜೊತೆ ಬುಕ್ಕನೂ ಪತ್ರ ಕಳಿಸಿದ. ಅವರು ಬಂದರು. 1370ರ ದಶಕದಿಂದ ಶಾಸನಗಳಲ್ಲಿ ಅವರ ಹೆಸರು ಕಾಣೋಕೆ ಶುರುವಾಗುತ್ತೆ. ಮಠದ ಪಟ್ಟಿ ಪ್ರಕಾರ 1380ರಲ್ಲಿ ಅವರು ಪೀಠಕ್ಕೆ ಬಂದರು, 1386ರಲ್ಲಿ ತೀರಿಕೊಂಡರು. ಬುಕ್ಕನ ಮಗ ಎರಡನೇ ಹರಿಹರನ ಕಾಲದ ಶಾಸನದಲ್ಲಿ, ಬೇರೆ ರಾಜರಿಗೆ ಸಿಗದ ಜ್ಞಾನದ ಸಾಮ್ರಾಜ್ಯ ಅವನಿಗೆ ವಿದ್ಯಾರಣ್ಯರ ಕೃಪೆಯಿಂದ ಸಿಕ್ಕಿತು ಅನ್ನೋ ಅರ್ಥದ ಮಾತು ಬರುತ್ತೆ. ಗಮನಿಸಿ, ಅದು ಜ್ಞಾನದ ಸಾಮ್ರಾಜ್ಯ. ಕೋಟೆ, ಆನೆ, ಕುದುರೆಯ ಸಾಮ್ರಾಜ್ಯದ ಮಾತು ಅಲ್ಲಿಲ್ಲ. ಕಾಲ ಕಳೆದ ಹಾಗೆ 'ಜ್ಞಾನ' ಅನ್ನೋ ಪದ ಉದುರಿ 'ಸಾಮ್ರಾಜ್ಯ' ಮಾತ್ರ ಜನರ ನೆನಪಲ್ಲಿ ಉಳಿದಿರಬಹುದು ಅಂತ ಯೋಚಿಸೋದು ತಪ್ಪೇನಲ್ಲ.

ಇನ್ನು ಸುಮಾರು 1535ಕ್ಕೆ ಬನ್ನಿ. ಫೆರ್ನಾಂವ್ ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ ವಿಜಯನಗರದಲ್ಲಿದ್ದು ಅಲ್ಲಿನ ರಾಜರ ಚರಿತ್ರೆ ಬರೆದ. ರಾಬರ್ಟ್ ಸೂಯೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ. ಅದರಲ್ಲಿ ಮೊಲ ಇದೆ, ನಾಯಿ ಇದೆ, ಊರು ಕಟ್ಟು ಅಂತ ಹೇಳೋ ಋಷಿಯೂ ಇದ್ದಾನೆ. ಋಷಿಯ ಹೆಸರು 'ವಿದ್ಯಾಜುನ' ಅಂತ ಏನೋ ಬರೆದಿದ್ದಾನೆ. ಆದರೆ ಬೇಟೆಗೆ ಹೋದ ರಾಜನ ಹೆಸರು ಹರಿಹರ ಅಲ್ಲ, ದೇವರಾಯ! ನೂನಿಜ್ ಯಾವ ಕಡತವನ್ನೂ ಓದಿರಲ್ಲ, ಪೇಟೆಯಲ್ಲಿ ಜನ ಹೇಳಿದ್ದನ್ನು ಕೇಳಿ ಬರೆದಿದ್ದಾನೆ. ಅಂದ್ರೆ 1535ರ ಹೊತ್ತಿಗೆ ಈ ಕಥೆ ಹಂಪಿಯ ಬೀದಿಯಲ್ಲೇ ಓಡಾಡ್ತಾ ಇತ್ತು.

ಇದಾದ ಮೇಲೆ 1709ರಲ್ಲಿ ಕೆಳದಿಯ ಬಸವಪ್ಪ ನಾಯಕನ ಶಿವತತ್ತ್ವರತ್ನಾಕರ. ಅದರಲ್ಲೂ ಕಥೆ ಬರುತ್ತೆ. ಅದರ ನಂತರ ನಮ್ಮ ಗುರುವಂಶ ಕಾವ್ಯ.

ಈ ಸಾಲು ನೋಡಿದ್ರೆ ಎರಡು ಮಾತು ಹೇಳಬಹುದು. ಒಂದು, ಲಕ್ಷ್ಮಣ ಶಾಸ್ತ್ರಿಗಳು ಈ ಕಥೆಯನ್ನು ತಾವೇ ಹುಟ್ಟಿಸಲಿಲ್ಲ. ಅವರಿಗಿಂತ 200 ವರ್ಷ ಮೊದಲೇ ಅದು ಇತ್ತು. ಎರಡು, 14ನೇ ಶತಮಾನದ ದಾಖಲೆಗಳು ಕಥೆಯ ಅರ್ಧಕ್ಕೆ ಮಾತ್ರ ಸಾಕ್ಷಿ ಕೊಡ್ತವೆ. ವಿದ್ಯಾರಣ್ಯರಿಗೂ ವಿಜಯನಗರದ ರಾಜರಿಗೂ ಗಟ್ಟಿ ಸಂಬಂಧ ಇದ್ದದ್ದು ನಿಜ. 1336ರಲ್ಲಿ ರಾಜ್ಯ ಹುಟ್ಟಿದ ಗಳಿಗೆಯಲ್ಲಿ ಅವರಿದ್ದರು ಅನ್ನೋದಕ್ಕೆ ಆಗಿನದೇ ಸಾಕ್ಷಿ ಬೇಕು.

ಇದರ ಮೇಲೆ ಇತಿಹಾಸಕಾರರು ಜೋರಾಗಿ ಜಗಳ ಆಡಿದ್ದಾರೆ. ಫಾದರ್ ಹೆನ್ರಿ ಹೇರಾಸ್ 1929ರಲ್ಲಿ, ಇದು ಶೃಂಗೇರಿಯವರು 16ನೇ ಶತಮಾನದಲ್ಲಿ ಕಟ್ಟಿದ ಕಥೆ ಅಂತ ನೇರವಾಗಿ ಬರೆದರು. ಕರ್ನಾಟಕದ ವಿದ್ವಾಂಸರು ಅದನ್ನು ಒಪ್ಪಲಿಲ್ಲ. 1936ರಲ್ಲಿ ವಿಜಯನಗರದ ಆರನೇ ಶತಮಾನೋತ್ಸವ ನಡೆದು ಧಾರವಾಡದಿಂದ ಸ್ಮರಣ ಸಂಪುಟವೇ ಬಂತು. ಜರ್ಮನ್ ಇತಿಹಾಸಕಾರ ಹರ್ಮನ್ ಕುಲ್ಕೆ 1985ರಲ್ಲಿ ಮತ್ತೆ ಎಲ್ಲ ದಾಖಲೆ ಹರಡಿಕೊಂಡು, ಸ್ಥಾಪಕ ಗುರು ಅನ್ನೋ ಚಿತ್ರ ನಂತರದ ಕಾಲದಲ್ಲಿ ಬೆಳೆದದ್ದು, ಆದರೆ 14ನೇ ಶತಮಾನದಲ್ಲಿ ಮಠಕ್ಕೂ ರಾಜರಿಗೂ ಇದ್ದ ಸಂಬಂಧ ನಿಜವಾದದ್ದು ಅನ್ನೋ ಕಡೆ ವಾದ ಮಾಡಿದರು. ನನಗೆ ಇದು ಸರಿ ಅನ್ಸುತ್ತೆ. 'ಸುಳ್ಳು ಹೇಳಿದರು' ಅನ್ನೋದು ಸುಲಭದ ಉತ್ತರ. ನಾನೂರು ವರ್ಷ ಒಂದು ನೆನಪು ಕೈಯಿಂದ ಕೈಗೆ ದಾಟುವಾಗ ಏನಾಗುತ್ತೆ ಅಂತ ನೋಡೋದು ಹೆಚ್ಚು ಕೆಲಸದ ಉತ್ತರ.

ಒಂದೇ ಹೆಸರು, ಇಬ್ಬರು ಜನ

ನೆನಪು ದಾಟುವಾಗ ಆಗೋ ತೊಂದರೆಗಳಲ್ಲಿ ಒಂದು ನಮಗೆ ಚೆನ್ನಾಗಿ ಪರಿಚಯ ಇರೋದು: ಒಂದೇ ಯೂಸರ್‌ನೇಮ್, ಇಬ್ಬರು ಯೂಸರ್‌ಗಳು.

14ನೇ ಶತಮಾನದ ವಿಜಯನಗರದಲ್ಲಿ ಇಬ್ಬರು ದೊಡ್ಡ ಮಾಧವರಿದ್ದರು. ಒಬ್ಬರು ವೇದಭಾಷ್ಯಕಾರ ಸಾಯಣರ ಅಣ್ಣ ಮಾಧವ. ಸಂಪ್ರದಾಯ ಇವರನ್ನೇ ವಿದ್ಯಾರಣ್ಯರು ಅಂತ ಹೇಳುತ್ತೆ. ಇನ್ನೊಬ್ಬ ಮಾಧವ ಮಂತ್ರಿ. ಗೋವೆಯನ್ನು ಗೆದ್ದವನು, ಕಾಳಾಮುಖ ಗುರು ಕ್ರಿಯಾಶಕ್ತಿಯ ಶಿಷ್ಯ. ಇಬ್ಬರೂ ವಿದ್ವಾಂಸರು, ಇಬ್ಬರಿಗೂ ಅರಮನೆಯ ನಂಟು, ಇಬ್ಬರದೂ ಒಂದೇ ಕಾಲ. ಸಹಜವಾಗಿಯೇ ಒಬ್ಬನ ಯುದ್ಧ ಇನ್ನೊಬ್ಬರ ಖಾತೆಗೆ ಹೋಯ್ತು. ಸನ್ಯಾಸಿ ಕತ್ತಿ ಹಿಡಿದು ಗೋವೆ ಗೆದ್ದರು ಅನ್ನೋ ಥರದ ಮಾತು ಹುಟ್ಟಿದ್ದು ಹೀಗೆ.

ಬಿಡಿಸಿದ್ದು ಹೇಗೆ ಗೊತ್ತಾ? ಗೋತ್ರದಿಂದ. ಸಾಯಣರ ಅಣ್ಣ ಭಾರದ್ವಾಜ ಗೋತ್ರ, ತಂದೆ ಮಾಯಣ. ಮಾಧವ ಮಂತ್ರಿ ಆಂಗಿರಸ ಗೋತ್ರ, ತಂದೆ ಚೌಂಡ. ದಾನಶಾಸನ ಬರೆಯುವವರು ಗೋತ್ರ, ತಂದೆಯ ಹೆಸರು ಬಿಡದೆ ಹಾಕುತ್ತಿದ್ದರಿಂದ ಇದು ಸಾಧ್ಯವಾಯ್ತು. ನಮ್ಮ ಡಿಬಿಎಂಎಸ್ ಪಾಠದಲ್ಲಿ ಹೆಸರನ್ನು ಪ್ರೈಮರಿ ಕೀ ಮಾಡಬೇಡಿ ಅಂತ ಹೇಳಿಕೊಡ್ತಾರಲ್ಲ, ಅದೇ ಪಾಠ ಇದು. ಶಾಸನ ಬರೆದವರು ಅದನ್ನು ಪಾಲಿಸಿದ್ರು, ಕಥೆ ಹೇಳಿದವರು ಪಾಲಿಸಲಿಲ್ಲ.

ಇಟಲಿಯಲ್ಲೂ ಇದೇ ಕಥೆ

ಇದು ನಮ್ಮ ಮಠಗಳ ವಿಶೇಷ ಅಂತ ತಿಳ್ಕೋಬೇಡಿ. ರೋಮ್ ಹತ್ತಿರ ಫಾರ್ಫಾ ಅನ್ನೋ ಕ್ರೈಸ್ತ ಮಠ ಇದೆ. ಅಲ್ಲಿ ಗ್ರೆಗರಿ ಆಫ್ ಕ್ಯಾಟಿನೋ ಅನ್ನೋ ಸನ್ಯಾಸಿ ಇದ್ದರು. 1092ರ ಸುಮಾರಿಗೆ ಅವರು ಒಂದು ಕೆಲಸ ಹಿಡಿದರು. ಮಠದ ಹಳೇ ದಾನಪತ್ರಗಳು ಹಾಳಾಗ್ತಾ ಇದ್ದವು, ಅಕ್ಷರ ಓದೋಕೆ ಆಗ್ತಿರಲಿಲ್ಲ. ಜಮೀನಿನ ಮೇಲೆ ಅಕ್ಕಪಕ್ಕದ ಪ್ರಭುಗಳ ಕಣ್ಣಿತ್ತು. ಗ್ರೆಗರಿ ಒಂದೊಂದೇ ಪತ್ರ ಹಿಡಿದು ದೊಡ್ಡ ಪುಸ್ತಕಕ್ಕೆ ನಕಲು ಮಾಡಿದರು. ವರ್ಷಗಟ್ಟಲೆ ಈ ಕೆಲಸ ಮಾಡಿದ ಮೇಲೆ ಆ ನಕಲುಗಳ ಆಧಾರದಲ್ಲೇ ಮಠದ ಚರಿತ್ರೆ ಬರೆದರು. ಅಂದ್ರೆ ಅಬ್ಸರ್ವೇಶನ್ ಬುಕ್ಕನ್ನೂ ಅವರೇ ಉಳಿಸಿದರು, ಫೇರ್ ರೆಕಾರ್ಡನ್ನೂ ಅವರೇ ಬರೆದರು. ಮೂಲ ಪತ್ರಗಳು ಹೆಚ್ಚಿನವು ಇವತ್ತು ಇಲ್ಲ. ಮಧ್ಯ ಇಟಲಿಯ ಆ ಕಾಲದ ಹಳ್ಳಿ, ಹೊಲ, ಒಕ್ಕಲುಗಳ ಬಗ್ಗೆ ಇವತ್ತು ಗೊತ್ತಿರೋದರಲ್ಲಿ ಬಹಳಷ್ಟು ಗ್ರೆಗರಿಯ ನಕಲಿನಿಂದಲೇ ಬಂದದ್ದು.

ಅದೇ ಇಟಲಿಯ ಮಾಂಟೆ ಕಸ್ಸಿನೋ ಮಠದ ಕಥೆ ಬೇರೆ. ಅಲ್ಲಿ ಲಿಯೋ ಅನ್ನೋ ಸನ್ಯಾಸಿ ಶುರು ಮಾಡಿದ ಒಳ್ಳೆಯ ಚರಿತ್ರೆಯನ್ನು 12ನೇ ಶತಮಾನದಲ್ಲಿ ಪೀಟರ್ ಅನ್ನೋವನು ಮುಂದುವರಿಸಿದ. ಪೀಟರ್ ವಿದ್ಯಾವಂತ, ಮಠದ ದಾಖಲೆಗಳೆಲ್ಲ ಅವನ ಕೈಯಲ್ಲೇ ಇದ್ದವು. ಜೊತೆಗೆ ಖೋಟಾ ಪತ್ರ ಸೃಷ್ಟಿಸೋದರಲ್ಲೂ ಅವನು ಪ್ರಸಿದ್ಧ. ಮಠದ ಮೇಲಿನ ಅಭಿಮಾನಕ್ಕೇ ಮಾಡಿದ. ಒಂದೇ ದೇಶ, ಒಂದೇ ಥರದ ಮಠ, ಹತ್ತಿರ ಹತ್ತಿರದ ಕಾಲ. ಒಬ್ಬ ನಕಲು ಮಾಡಿ ಉಳಿಸಿದ, ಇನ್ನೊಬ್ಬ ನಕಲಿ ಮಾಡಿ ಸೇರಿಸಿದ.

ಖೋಟಾ ಹಿಡಿಯೋದು ಹೇಗೆ?

ನಮ್ಮಲ್ಲೂ ಅಂಥ ತಾಮ್ರಪಟಗಳಿವೆ. ಕಪಲೂರು ಮತ್ತು ಬೇಸ್ತರಹಳ್ಳಿಯ ತಾಮ್ರಶಾಸನಗಳು 1336ನೇ ಇಸವಿ ಹಾಕಿಕೊಂಡು, ವಿದ್ಯಾರಣ್ಯರ ಅನುಗ್ರಹದಿಂದ ಹರಿಹರ ಪಟ್ಟಕ್ಕೆ ಬಂದ ಅಂತ ಹೇಳ್ತವೆ. ಇವು ನಂತರದ ಕಾಲದಲ್ಲಿ ಮಾಡಿದವು ಅಂತ ಹೆಚ್ಚಿನ ವಿದ್ವಾಂಸರ ತೀರ್ಮಾನ. ಎರಡೂ ಶೃಂಗೇರಿಯ ಆಸುಪಾಸಿನವಲ್ಲ. ಕಪಲೂರು ನೆಲ್ಲೂರಿನ ಕಡೆಯದು, ಬೇಸ್ತರಹಳ್ಳಿ ಬಾಗೇಪಲ್ಲಿ ಕಡೆಯದು. ಜಮೀನು ಯಾರದ್ದೋ, ಹೆಸರು ಮಾತ್ರ ವಿದ್ಯಾರಣ್ಯರದ್ದು.

ಇಂಥದ್ದನ್ನು ಹಿಡಿಯೋ ವಿಧಾನ ಪತ್ತೇದಾರಿ ಕಾದಂಬರಿಗಿಂತ ಚೆನ್ನಾಗಿದೆ. ಮೊದಲು ಲಿಪಿ. ಅಕ್ಷರದ ತಲೆಕಟ್ಟು, ಒತ್ತಕ್ಷರ ಕಾಲಕಾಲಕ್ಕೆ ಬದಲಾಗುತ್ತೆ. 14ನೇ ಶತಮಾನದ ಇಸವಿ ಇದ್ದು 16ನೇ ಶತಮಾನದ ಅಕ್ಷರ ಇದ್ದರೆ ಅನುಮಾನ. ಆಮೇಲೆ ಬಿರುದು. ರಾಜನಿಗೆ ಇನ್ನೂ ಸಿಗದ ಬಿರುದನ್ನು ಹಾಕಿದ್ದರೆ ಮತ್ತೆ ಅನುಮಾನ. ಮೂರನೇದು ನಮಗೆ ಇಷ್ಟ ಆಗೋದು, ಲೆಕ್ಕ. ಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಕೊಟ್ಟಿರ್ತಾರೆ. ಆ ತಿಥಿ ಆ ವಾರವೇ ಬರುತ್ತಾ ಅಂತ ಲೆಕ್ಕ ಹಾಕಬಹುದು. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ 1922ರಲ್ಲಿ ಇದಕ್ಕಾಗಿಯೇ ದೊಡ್ಡ ದೊಡ್ಡ ಕೋಷ್ಟಕಗಳನ್ನು ಪ್ರಕಟಿಸಿದರು. ಈಗ ಅದನ್ನು ನಾವು ನಾಲ್ಕೈದು ಸಾಲಿನ ಪೈಥಾನ್ ಕೋಡಿನಲ್ಲಿ, ಒಳ್ಳೆ ಲೈಬ್ರರಿ ಇದ್ದರೆ, ಚೆಕ್ ಮಾಡಬಹುದು. ಲೆಕ್ಕ ತಪ್ಪಿದರೆ ಶಾಸನ ಖೋಟಾ ಅಂತ ಹೇಳೋಕೆ ಅದೊಂದೇ ಸಾಲದು, ಕೆತ್ತಿದವನ ಕೈತಪ್ಪೂ ಇರಬಹುದು. ಆದರೆ ಲಿಪಿ, ಬಿರುದು, ಲೆಕ್ಕ ಮೂರೂ ಕೈಕೊಟ್ಟರೆ ಕಷ್ಟ.

ಕಾವ್ಯ ಹೇಳಲಾರದ್ದನ್ನು ಹೇಳಿದ ಪತ್ರಗಳು

ಕಡತ, ಪತ್ರಗಳ ಬೆಲೆ ಗೊತ್ತಾಗಬೇಕಾದರೆ ಇನ್ನೊಂದು ಪ್ರಸಂಗ ನೋಡಬೇಕು. 1791ರಲ್ಲಿ ಮೂರನೇ ಮೈಸೂರು ಯುದ್ಧದ ಹೊತ್ತಿನಲ್ಲಿ ಪಟವರ್ಧನರ ಮರಾಠಾ ಸೈನ್ಯದ ಜೊತೆಗಿದ್ದವರು ಶೃಂಗೇರಿಯನ್ನು ಲೂಟಿ ಮಾಡಿದರು. ಶಾರದೆಯ ವಿಗ್ರಹ ಸ್ಥಳ ತಪ್ಪಿತು. ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯ್ತು. ಆಗ ಪೀಠದಲ್ಲಿದ್ದವರ ಹೆಸರೂ ಸಚ್ಚಿದಾನಂದ ಭಾರತಿ (1770ರಿಂದ 1814). ಗುರುವಂಶ ಕಾವ್ಯದ ಕಾಲದ ಸಚ್ಚಿದಾನಂದ ಭಾರತಿಯವರೇ ಬೇರೆ, ಇವರೇ ಬೇರೆ. ಮತ್ತೆ ಅದೇ ಯೂಸರ್‌ನೇಮ್ ತೊಂದರೆ!

ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಬರೆದರು. ಟಿಪ್ಪು ಕನ್ನಡದಲ್ಲಿ ಉತ್ತರ ಕಳಿಸಿದ. ಶಾರದೆಯ ಪ್ರತಿಷ್ಠೆಗೆ 200 ರಾಹತಿ ನಗದು ಮತ್ತು ಬೇಕಾದ ಸಾಮಗ್ರಿ ಕೊಡುವಂತೆ ನಗರದ ಆಸಫನಿಗೆ ಹುಕುಂ ಮಾಡಿದ. ತನ್ನ ಶತ್ರುಗಳ ನಾಶಕ್ಕೆ ಸಹಸ್ರಚಂಡಿ ಜಪ ಮಾಡಿಸಿ ಅಂತ ಕೇಳಿದ. ಈ ಪತ್ರಗಳು ಮಠದಲ್ಲೇ ಇದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವುಗಳನ್ನು ಬೆಳಕಿಗೆ ತಂದರು. ಈ ಲೂಟಿಯ ಪ್ರಸ್ತಾಪ ಮರಾಠಿ ಕಾಗದಪತ್ರಗಳಲ್ಲೂ ಇದೆ. ಎದುರಾಳಿಗಳಿಬ್ಬರ ಕಾಗದವೂ ಒಂದೇ ಘಟನೆ ಹೇಳಿದಾಗ ನಂಬಿಕೆ ಗಟ್ಟಿಯಾಗುತ್ತೆ.

ಇವತ್ತು ಈ ಪತ್ರಗಳನ್ನು ಹಿಡಿದು ಒಂದು ಗುಂಪು ಒಂದು ಮಾತು ಹೇಳುತ್ತೆ, ಇನ್ನೊಂದು ಗುಂಪು ಇನ್ನೊಂದು ಹೇಳುತ್ತೆ. ಹಾಸ್ಟೆಲ್ ವಾಟ್ಸಾಪ್ ಗ್ರೂಪಿನಲ್ಲಿ ಈ ಜಗಳ ನೀವು ನೋಡಿಯೇ ಇರ್ತೀರ. ಪತ್ರ ಹೇಳೋದು ಇಷ್ಟು: ಈ ದಿನ, ಇಂಥವನು, ಇಂಥವರಿಗೆ, ಇಷ್ಟು ಕೊಡಿಸಿದ, ಇಂಥದ್ದು ಕೇಳಿಕೊಂಡ. ಮನಸ್ಸಿನಲ್ಲಿ ಭಕ್ತಿ ಇತ್ತಾ, ಯುದ್ಧದ ಲೆಕ್ಕಾಚಾರ ಇತ್ತಾ, ಎರಡೂ ಇತ್ತಾ ಅನ್ನೋದು ಆ ಕಾಗದದ ಒಳಗಿಲ್ಲ. ಅದೇ ರಾಜ ಬೇರೆ ಕಡೆ ಏನು ಮಾಡಿದ ಅನ್ನೋದೂ ಅದರಲ್ಲಿಲ್ಲ. ಡೇಟಾ ಇದ್ದಷ್ಟೇ ಪ್ಲಾಟ್ ಮಾಡಬೇಕು, ಗ್ರಾಫನ್ನು ಅದರಾಚೆ ಎಳೆಯೋದು ನಮ್ಮ ಜವಾಬ್ದಾರಿ ಮೇಲೆ.

ಇದರಲ್ಲಿ ನಮ್ಮ ಪಾಲಿನ ಕೆಲಸ

ಮಠಕ್ಕೆ ದೊಡ್ಡ ಉಗ್ರಾಣ ಇತ್ತು, ನೋಡಿಕೊಳ್ಳೋ ಜನ ಇದ್ದರು, ಹಾಗಾಗಿ ಅಲ್ಲಿಯ ಕಡತ ಉಳೀತು. ಆದರೆ ಕಡತ ಬರೆದದ್ದು ಮಠ ಮಾತ್ರ ಅಲ್ಲ. ನಾರ್ವೆ, ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಸುತ್ತಿನ ಹಳೇ ಮನೆಗಳಲ್ಲಿ, ಶಾನುಭೋಗರ ಮನೆತನಗಳಲ್ಲಿ, ಪಟೇಲರ ಮನೆಗಳಲ್ಲಿ ಲೆಕ್ಕಪತ್ರ ಬರೆದೇ ಬರೆದಿರ್ತಾರೆ. ಮಲೆನಾಡಿನ ಮಳೆ, ಶೀತ, ಒರಲೆ, ಮೂರೂ ಸೇರಿದರೆ ಕಾಗದ, ಓಲೆಗರಿ, ಬಟ್ಟೆ ಯಾವುದೂ ಉಳಿಯಲ್ಲ. ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಅಟ್ಟದ ಮೇಲಿನ ಕಪ್ಪು ಬಟ್ಟೆಯ ಕಟ್ಟು ಏನು ಅಂತ ಗೊತ್ತಾಗದೆ ಬಚ್ಚಲೊಲೆಗೆ ಹೋದರೆ, ಆ ಊರಿನ ಅಬ್ಸರ್ವೇಶನ್ ಬುಕ್ಕೇ ಹೋದ ಹಾಗೆ. ಆಮೇಲೆ ಉಳಿಯೋದು ಕಥೆ ಮಾತ್ರ, ಅದನ್ನು ಚೆಕ್ ಮಾಡೋಕೆ ದಾರಿ ಇರಲ್ಲ.

ರಜೆಗೆ ಊರಿಗೆ ಹೋದಾಗ ಅಂಥದ್ದು ಕಂಡರೆ ಮಾಡಬಹುದಾದ, ಮಾಡಬಾರದ ಕೆಲವು ಕೆಲಸ ಹೇಳ್ತೀನಿ.

ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ಅದು ಬಳಪದ ಬರಹ. ಧೂಳಿನ ಜೊತೆ ಇನ್ನೂರು ವರ್ಷದ ಅಕ್ಷರವೂ ಒರೆಸಿ ಹೋಗುತ್ತೆ. ಒಣ ಮೆತ್ತನೆ ಬ್ರಶ್ಶಿನಿಂದ ಮೇಲಿನ ಧೂಳು ಮಾತ್ರ ತೆಗೀಬಹುದು. ಅಂಟಿಕೊಂಡ ಮಡಿಕೆಯನ್ನು ಬಲವಂತವಾಗಿ ಬಿಡಿಸಬೇಡಿ.

ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲು ಇಡಿ, ಎಲ್ಲ ಮಡಿಕೆಗಳನ್ನೂ ಕ್ರಮವಾಗಿ ತೆಗೀರಿ. ಹಿಂಭಾಗ ಬಿಡಬೇಡಿ. ಶಾಸನದ ಕಲ್ಲಾದರೆ ಬೆಳಗ್ಗೆ ಅಥವಾ ಸಂಜೆ, ಬೆಳಕು ಪಕ್ಕದಿಂದ ಬೀಳುವಾಗ ತೆಗೀರಿ, ಅಕ್ಷರದ ನೆರಳು ಎದ್ದು ಕಾಣುತ್ತೆ. ಅಕ್ಷರ ಕಾಣಲಿ ಅಂತ ಕಲ್ಲಿಗೆ ಎಣ್ಣೆ, ಪೇಂಟು ಹಚ್ಚಬೇಡಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ, ಆ ಕೆಲಸ ಹೇಗೆ ನಡೆಯುತ್ತೆ ಅಂತ ನೋಡಿದರೆ ನಮ್ಮ ಬ್ರಾಂಚಿನವರಿಗೂ ಪ್ರಾಜೆಕ್ಟ್ ಐಡಿಯಾ ಸಿಗುತ್ತೆ.

ಹುಡುಕುವಾಗ ಹಳೇ ಹೆಸರು ಗೊತ್ತಿರಲಿ. ಇವತ್ತಿನ ನರಸಿಂಹರಾಜಪುರ ಹಳೇ ದಾಖಲೆಯಲ್ಲಿ ಎಡೇಹಳ್ಳಿ. ರೈಸ್ ಅವರ ಸಂಪುಟದಲ್ಲಿ ಎನ್.ಆರ್. ಪುರ ಅಂತ ಹುಡುಕಿದರೆ ಸಿಗಲ್ಲ.

ಲಿಪಿ ಓದೋಕೆ ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ವಿಜಯನಗರದ ತಾಮ್ರಪಟಗಳು ಹೆಚ್ಚಾಗಿ ನಂದಿನಾಗರಿಯಲ್ಲಿವೆ, ಮಲೆನಾಡಿನ ಸಂಸ್ಕೃತ ಓಲೆಗರಿಗಳಲ್ಲಿ ತಿಗಳಾರಿ ಸಿಗುತ್ತೆ, ಕೆಲವು ಪತ್ರ ಮೋಡಿಯಲ್ಲಿರುತ್ತೆ. ಹಳೇ ಕನ್ನಡ ಕೈಬರಹವೇ ಇಂಗ್ಲಿಷ್ ಮೀಡಿಯಂನ ನಮಗೆ ಬೇರೆ ಭಾಷೆ ಥರ ಕಾಣುತ್ತೆ. ಆದರೆ ಓದಬಲ್ಲವರು ಇದ್ದಾರೆ. ಕೆಳದಿಯ ಮ್ಯೂಸಿಯಂನಲ್ಲಿ ಇಂಥ ಓಲೆ, ಕಾಗದಪತ್ರಗಳನ್ನು ಕೂಡಿಟ್ಟಿದ್ದಾರೆ. ನಾವು ಓದಲೇಬೇಕು ಅಂತೇನಿಲ್ಲ. ಗ್ರೆಗರಿ ಮಾಡಿದ ಹಾಗೆ ಒಂದು ಸರಿಯಾದ ಪ್ರತಿ ಮಾಡಿಟ್ಟರೆ ಮುಂದೆ ಯಾರಾದರೂ ಓದ್ತಾರೆ.

ಇನ್ನು ಗುರುವಂಶ ಕಾವ್ಯ. ಇಷ್ಟೆಲ್ಲ ಹೇಳಿದ ಮೇಲೆ ಅದನ್ನು ಪಕ್ಕಕ್ಕಿಡಬೇಕಾ? ಬೇಡ. 14ನೇ ಶತಮಾನದ ವಿಷಯಕ್ಕೆ ಅದು ದುರ್ಬಲ ಸಾಕ್ಷಿ, ಒಪ್ಪೋಣ. ಆದರೆ 18ನೇ ಶತಮಾನದ ಶೃಂಗೇರಿ ತನ್ನನ್ನು ತಾನು ಹೇಗೆ ನೋಡಿಕೊಳ್ತಿತ್ತು, ಯಾವ ಗುರುಗಳ ಯಾವ ಕಥೆ ಅದಕ್ಕೆ ಮುಖ್ಯವಾಗಿತ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಲಕ್ಷ್ಮಣ ಶಾಸ್ತ್ರಿಗಳು ತಮ್ಮ ಕಾಲದ ಬಗ್ಗೆ ಹೇಳುವಾಗ ಕಣ್ಣಾರೆ ಕಂಡವರು, ವಿದ್ಯಾರಣ್ಯರ ಬಗ್ಗೆ ಹೇಳುವಾಗ ಕೇಳಿ ಬರೆದವರು. ಒಂದೇ ಪುಸ್ತಕದ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ತೂಕ ಕೊಡಬೇಕು, ಅಷ್ಟೇ.

ಮುಂದಿನ ಸಲ ಯಾರಾದರೂ ಗ್ರೂಪಿನಲ್ಲಿ 'ಇತಿಹಾಸದಲ್ಲಿ ಬರೆದಿದೆ' ಅಂತ ಫಾರ್ವರ್ಡ್ ಕಳಿಸಿದಾಗ ಮೂರು ಪ್ರಶ್ನೆ ಕೇಳಿ ನೋಡಿ. ಬರೆದವರು ಯಾರು? ಘಟನೆ ಆಗಿ ಎಷ್ಟು ವರ್ಷಕ್ಕೆ ಬರೆದರು? ಅವರಿಗೆ ಗೊತ್ತಾಗಿದ್ದು ಹೇಗೆ? ಉತ್ತರ ಬರೋ ತನಕ ಇನ್ನೊಬ್ಬರಿಗೆ ಕಳಿಸದೇ ಇದ್ದರೆ ಸಾಕು.